ಸುತ್ತು ಸಾಲದ ಗಾಣ

ಸಾಲಕ್ಕೆ ಸಿಕ್ಕಿ ಒದ್ದಾಡುವ ದುಡಿಮೆಗಾರನನ್ನು ಕಂಡರೆ ನಮ್ಮ ಊರಿನ ದೊಡ್ಡ ಮನುಷ್ಯರು ಒಂದೇ ಮಾತು ಹೇಳುತ್ತಾರೆ: ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು! ಹಾಸಿಗೆಯನ್ನು ಗಿಡ್ಡ ಮಾಡಿದವರು ಯಾರೆಂದು ಮಾತ್ರ ಅವರು ಕೇಳುವುದಿಲ್ಲ. ಸಾಲ ಮಾಡಿದವನು ದುಂದುಗಾರ, ಸಾಲ ಕೊಟ್ಟವನು ಉಪಕಾರಿ. ಇದು ಸಾಹುಕಾರನ ಕಾಲದಿಂದ ಬಂದ ನ್ಯಾಯ. ಹಿಂದೆ ಈ ನ್ಯಾಯವನ್ನು ಹೇಳುತ್ತಿದ್ದವನು ಜಗಲಿಯ ಮೇಲೆ ಕುಳಿತ ಲೇವಾದೇವಿಗಾರ. ಇಂದು ಅದನ್ನೇ ಹೇಳುವವರು ಕೊರಳಪಟ್ಟಿ ಬಿಗಿದ ಬ್ಯಾಂಕಿನ ಅಧಿಕಾರಿಗಳು, ಮತ್ತು ಗಿರಣಿಯ ಗೇಟಿನ ಮುಂದೆ ಕೊಡೆ ನೆಟ್ಟು ಮೇಜು ಹಾಕಿಕೊಂಡು "ಅಣ್ಣಾ, ಕಾರ್ಡು ಮಾಡಿಸಿಕೊಳ್ಳಿ, ಪುಕ್ಕಟೆ" ಎಂದು ಕೂಗುವ ಹುಡುಗರು. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಕಮಿಷನ್ನಿನ ಮೇಲೆ ಬದುಕುವ ಕೂಲಿಗಳೇ. ಅವರನ್ನು ಬಿಸಿಲಿಗೆ ನಿಲ್ಲಿಸಿದವರ ಲೆಕ್ಕವನ್ನು ನಾವು ಇಂದು ನೋಡೋಣ.

ಸಾಲದಲ್ಲಿ ಎರಡು ಜಾತಿ ಉಂಟು. ಒಂದು ಕಂತಿನ ಸಾಲ. ಇಷ್ಟು ತೆಗೆದುಕೊಂಡೆ, ಇಷ್ಟು ತಿಂಗಳಲ್ಲಿ ತೀರಿಸುವೆ ಎಂದು ಮೊದಲೇ ಗೊತ್ತಿರುವ ಸಾಲ. ಇನ್ನೊಂದು ಸುತ್ತು ಸಾಲ. ಇದರಲ್ಲಿ ಬ್ಯಾಂಕು ನಿಮಗೆ ಒಂದು ಮಿತಿಯನ್ನು ಕಟ್ಟುತ್ತದೆ. ಆ ಮಿತಿಯೊಳಗೆ ಬೇಕಾದಾಗ ತೆಗೆಯಬಹುದು, ಕೈಗೆ ಬಂದಾಗ ಕಟ್ಟಬಹುದು, ಕಟ್ಟಿದಷ್ಟನ್ನು ಮತ್ತೆ ತೆಗೆಯಬಹುದು. ಬಡ್ಡಿ ಮಿತಿಯ ಮೇಲಲ್ಲ, ತೆಗೆದ ಹಣದ ಮೇಲೆ, ತೆಗೆದಷ್ಟು ದಿನಕ್ಕೆ. ವ್ಯಾಪಾರಿಯ ಸೀಸೀ ಖಾತೆ, ಓ.ಡಿ. ಖಾತೆ, ನೌಕರನ ಕ್ರೆಡಿಟ್ ಕಾರ್ಡು, ಈಗ ಮೊಬೈಲಿನಲ್ಲೇ ಬರುವ ಯು.ಪಿ.ಐ. ಸಾಲದ ಮಿತಿ, ಎಲ್ಲವೂ ಈ ಒಂದೇ ಜಾತಿಯವು.

ಇದೇನೂ ಹೊಸ ವಿದ್ಯೆಯಲ್ಲ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಯಾವುದು? ತಿಂಗಳೆಲ್ಲ ಅಕ್ಕಿ, ಬೇಳೆ, ಎಣ್ಣೆ ಬರೆಸಿ ತಂದು, ಪಗಾರದ ದಿನ ಅರ್ಧವನ್ನೋ ಮುಕ್ಕಾಲನ್ನೋ ಕೊಟ್ಟು, ಉಳಿದುದನ್ನು ಮುಂದಿನ ಪುಟಕ್ಕೆ ಎಳೆಯುವ ಆ ಪುಸ್ತಕವೂ ಸುತ್ತು ಸಾಲವೇ. ವ್ಯತ್ಯಾಸ ಒಂದೇ: ಕಿರಾಣಿಯವನು ಅದಕ್ಕೆ ಬಡ್ಡಿ ಹಾಕುವುದಿಲ್ಲ. ಬೆಲೆಯಲ್ಲಿ ನಾಲ್ಕಾಣೆ ಹೆಚ್ಚು ಹಿಡಿಯುತ್ತಾನೆ, ಬೈಯುತ್ತಾನೆ, ಆದರೆ ಮುಷ್ಕರದ ತಿಂಗಳಲ್ಲಿ ಅಕ್ಕಿ ಕೊಡುವವನೂ ಅವನೇ. ಗಿರಣಿ ಕಾರ್ಮಿಕನೂ ಸಣ್ಣ ವ್ಯಾಪಾರಿಯೂ ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳು. ಒಬ್ಬನಿಗೆ ಪಗಾರ ತಡವಾದರೆ ಇನ್ನೊಬ್ಬನ ಗಲ್ಲೆ ಬರಿದಾಗುತ್ತದೆ. ಈ ಮಾತನ್ನು ಇಬ್ಬರೂ ಮರೆಯಬಾರದು, ಏಕೆಂದರೆ ಇಬ್ಬರನ್ನೂ ಒಂದೇ ಗಾಣಕ್ಕೆ ಹೂಡಲಾಗಿದೆ.

ಮೊದಲು ವ್ಯಾಪಾರಿ ಮಿತ್ರರ ಸೀಸೀ ಖಾತೆಯನ್ನು ನೋಡೋಣ. ನ್ಯಾಯವಾಗಿ ಹೇಳಬೇಕೆಂದರೆ ಇದು ಒಳ್ಳೆಯ ಸಾಧನ. ದೀಪಾವಳಿಗೆ ಮುಂಚೆ ಜವಳಿ ತುಂಬಲು 5 ಲಕ್ಷ ತೆಗೆದು, ಹತ್ತು ದಿನದಲ್ಲಿ ಮಾರಿ ಮರಳಿ ಕಟ್ಟಿದಿರಿ ಎನ್ನಿ. ಶೇಕಡಾ 12ರಂತೆ ಬಡ್ಡಿ ಸುಮಾರು 1,644 ರೂಪಾಯಿ, ಅಷ್ಟೇ. ಅದೇ 5 ಲಕ್ಷವನ್ನು ವರ್ಷವಿಡೀ ಹೊತ್ತರೆ 60,000ಕ್ಕೂ ಹೆಚ್ಚು. ಆದುದರಿಂದ ಸಂಜೆ ಗಲ್ಲೆಯಲ್ಲಿ ಕೂಡಿದ ಹಣವನ್ನು ಮರುದಿನ ಬೆಳಿಗ್ಗೆಯೇ ಸೀಸೀ ಖಾತೆಗೆ ಕಟ್ಟಿದರೆ ಆ ದಿನದಿಂದಲೇ ಅಷ್ಟರ ಬಡ್ಡಿ ನಿಲ್ಲುತ್ತದೆ. ನಮ್ಮಲ್ಲಿ ಎಷ್ಟೋ ಮಂದಿ ಮಾಡುವುದೇನು? ಸೀಸೀ ಒಂದು ಬ್ಯಾಂಕಿನಲ್ಲಿ, ಗಿರಾಕಿಯ ಹಣ ಬಂದು ಬೀಳುವ ಚಾಲ್ತಿ ಖಾತೆ ಇನ್ನೊಂದು ಬ್ಯಾಂಕಿನಲ್ಲಿ. ಇಲ್ಲಿ ಬಡ್ಡಿಯಿಲ್ಲದೆ ಹಣ ಮಲಗಿರುತ್ತದೆ, ಅಲ್ಲಿ ಬಡ್ಡಿ ಎದ್ದು ಓಡುತ್ತಿರುತ್ತದೆ. ಇದನ್ನು ಹೇಳಿಕೊಡಲು ಯಾವ ಮ್ಯಾನೇಜರನಿಗೂ ಪುರಸೊತ್ತಿಲ್ಲ. ವಿಮೆ ಮಾರಲು ಮಾತ್ರ ಎಲ್ಲರಿಗೂ ಪುರಸೊತ್ತು ಉಂಟು.

ಕೊಕ್ಕೆ ಇರುವುದು ಬೇರೆ ಕಡೆ. ಮಂಜೂರಾತಿ ಪತ್ರದಲ್ಲಿ 5 ಲಕ್ಷ ಎಂದು ಬರೆದಿದ್ದರೂ ನೀವು ತೆಗೆಯಬಹುದಾದುದು ಆ ತಿಂಗಳ ದಾಸ್ತಾನು ಪಟ್ಟಿ ತೋರಿಸಿದಷ್ಟೇ. ಅಂಗಡಿಯಲ್ಲಿ 6 ಲಕ್ಷದ ಮಾಲು ಇದೆ, ಅದರಲ್ಲಿ 1 ಲಕ್ಷದ್ದನ್ನು ಸಗಟು ವ್ಯಾಪಾರಿಗೆ ಇನ್ನೂ ಕೊಡಬೇಕಿದೆ. ಉಳಿದ 5 ಲಕ್ಷದಲ್ಲಿ ಕಾಲು ಭಾಗವನ್ನು ನಿಮ್ಮ ಸ್ವಂತ ಪಾಲೆಂದು ಕಳೆದರೆ ತೆಗೆಯಬಹುದಾದುದು 3,75,000. ಈಗ 2 ಲಕ್ಷದ ಮಾಲು ಉದ್ರಿ ಹೋಯಿತು, ರೈತ ಸುಗ್ಗಿಯಾದ ಮೇಲೆ ಕೊಡುತ್ತೇನೆಂದ, ನಾಲ್ಕು ತಿಂಗಳು ಕಳೆಯಿತು. ಮೂರು ತಿಂಗಳು ಮೀರಿದ ಉದ್ರಿಯನ್ನು ಬ್ಯಾಂಕು ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಮ್ಮ ಶಕ್ತಿ 2,25,000ಕ್ಕೆ ಇಳಿಯಿತು. ಆ ಹೊತ್ತಿಗೆ ನೀವು 3 ಲಕ್ಷ ತೆಗೆದಿದ್ದರೆ ಮಿತಿ ಮೀರಿದ ಅಪರಾಧಿ! ಹೀಗೆಯೇ 90 ದಿನ ನಡೆದರೆ ಖಾತೆಗೆ ಕೆಟ್ಟ ಸಾಲ ಎಂಬ ಮುದ್ರೆ ಬೀಳುತ್ತದೆ. ಅಂದರೆ ವ್ಯಾಪಾರ ಬಿಗಿಯಾದಾಗ, ಉದ್ರಿ ಸಿಕ್ಕಿಬಿದ್ದಾಗ, ಹಣ ಯಾವಾಗ ಬೇಕೋ ಸರಿಯಾಗಿ ಆವಾಗಲೇ ಮಿತಿ ಕುಗ್ಗುತ್ತದೆ. ಮಳೆ ಬಂದ ಕೂಡಲೇ ಕೊಡೆಯನ್ನು ಕಸಿದುಕೊಳ್ಳುವ ಈ ಉಪಕಾರದಿಂದ ತಪ್ಪಿಸಿಕೊಂಡ ವ್ಯಾಪಾರಿ ಎಲ್ಲಿಗೆ ಹೋಗುತ್ತಾನೆ? ಮೀಟರ್ ಬಡ್ಡಿಯವನ ಹತ್ತಿರಕ್ಕೆ, ಇಲ್ಲವೆ ಕಾರ್ಡಿನ ಹತ್ತಿರಕ್ಕೆ.

ಸಂಗಾತಿಗಳೇ, ಈಗ ಕಾರ್ಡಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಬೇಕಾದರೆ ಪೆನ್ಸಿಲ್ಲು ಹಿಡಿಯಿರಿ. ಮಕ್ಕಳಿಗೆ ವರ್ಷಗಟ್ಟಲೆ ಸರಳಬಡ್ಡಿ, ಚಕ್ರಬಡ್ಡಿ ಹೇಳಿಕೊಟ್ಟವನು ನಾನು. ಆ ಪಾಠದ ಪುಸ್ತಕದಲ್ಲಿ ಶೇಕಡಾ 42ರ ಲೆಕ್ಕ ಎಂದೂ ಬಂದಿರಲಿಲ್ಲ. ಕಾರ್ಡಿನ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಶೇಕಡಾ 3ರಿಂದ 3.75. ಅದನ್ನು ತಿಂಗಳ ಲೆಕ್ಕದಲ್ಲಿ ಏಕೆ ಹೇಳುತ್ತಾರೆಂದರೆ ಮೂರೂವರೆ ಎಂಬುದು ಕಿವಿಗೆ ಹಗುರ. ವರ್ಷಕ್ಕೆ ಅದು 42. ಇದರ ಮೇಲೆ ಸರಕಾರ ಶೇಕಡಾ 18 ಜಿ.ಎಸ್.ಟಿ. ಹಾಕುತ್ತದೆ. ಮನೆ ಸಾಲದ ಬಡ್ಡಿಗೆ ಈ ತೆರಿಗೆಯಿಲ್ಲ, ಕಾರು ಕೊಳ್ಳಲು ಮಾಡಿದ ಸಾಲದ ಬಡ್ಡಿಗೂ ಇಲ್ಲ. ಕಾರ್ಡಿನ ಬಡ್ಡಿಗೆ ಮಾತ್ರ ಉಂಟು.

ಮಗಳ ಹೆರಿಗೆಗೋ ಮನೆಯಾಕೆಯ ಆಪರೇಷನ್ನಿಗೋ ಒಬ್ಬ ಕಾರ್ಮಿಕ ಕಾರ್ಡಿನಲ್ಲಿ 40,000 ರೂಪಾಯಿ ಬಾಕಿ ಮಾಡಿಕೊಂಡನೆನ್ನೋಣ. ಆ ಮೇಲೆ ಆತ ಒಂದು ಕಾಸನ್ನೂ ಕಾರ್ಡಿನಿಂದ ತೆಗೆಯಲಿಲ್ಲ. ಬಿಲ್ಲಿನಲ್ಲಿ ಕಣ್ಣು ಕುಕ್ಕುವಂತೆ ಒಂದು ಅಂಕಿ ಇರುತ್ತದೆ: ಕನಿಷ್ಠ ಕಟ್ಟಬೇಕಾದ ಮೊತ್ತ, ಸಾಮಾನ್ಯವಾಗಿ ಬಾಕಿಯ ಶೇಕಡಾ 5. ಆತ ನಿಯತ್ತಿನ ಮನುಷ್ಯ. ಒಂದು ತಿಂಗಳೂ ತಪ್ಪದೆ ಆ ಕನಿಷ್ಠವನ್ನು ಕಟ್ಟುತ್ತಾನೆ. ಮೊದಲ ತಿಂಗಳ ಬಡ್ಡಿ 1,400, ತೆರಿಗೆ 252, ಒಟ್ಟು 41,652. ಅದರ ಶೇಕಡಾ 5 ಎಂದರೆ 2,083. ಕಟ್ಟಿದ. ಅಸಲಿನಲ್ಲಿ ಇಳಿದದ್ದು 431 ರೂಪಾಯಿ! ಹೀಗೆ ಒಂದು ವರ್ಷ ಕಟ್ಟಿದರೆ ಆತನ ಕೈಯಿಂದ ಹೋದದ್ದು ಸುಮಾರು 23,560. ಸಾಲ ಇಳಿದದ್ದು 4,870. ಉಳಿದ 18,690 ರೂಪಾಯಿ ಬಡ್ಡಿಗೂ ತೆರಿಗೆಗೂ ಹೋಯಿತು, ಅದರಲ್ಲಿ ಸರಕಾರದ ಪಾಲು ಸುಮಾರು 2,850. ಇದೇ ದಾರಿಯಲ್ಲಿ ನಡೆದರೆ ಸಾಲ ಅರ್ಧಕ್ಕೆ ಇಳಿಯಲು ಐದು ವರ್ಷ ನಾಲ್ಕು ತಿಂಗಳು ಬೇಕು. ಹೆರಿಗೆಯಲ್ಲಿ ಹುಟ್ಟಿದ ಕೂಸು ಶಾಲೆಗೆ ಸೇರುವ ಹೊತ್ತಿಗೆ ಆಸ್ಪತ್ರೆಯ ಸಾಲ ಅರ್ಧ ಉಳಿದಿರುತ್ತದೆ.

ಎಣ್ಣೆ ಗಾಣದ ಎತ್ತಿಗೆ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ತಾನು ಎಲ್ಲಿಗೋ ಹೋಗುತ್ತಿದ್ದೇನೆಂದು ಅದು ತಿಳಿಯಲಿ ಎಂದು. "ಕನಿಷ್ಠ ಮೊತ್ತ" ಎಂಬುದು ಆ ಬಟ್ಟೆ.

ಇನ್ನೂ ಎರಡು ಸಂಗತಿಗಳನ್ನು ಬಿಲ್ಲಿನ ಹಿಂಬದಿಯ ಇರುವೆಯಂಥ ಅಕ್ಷರದಲ್ಲಿ ಅಡಗಿಸಿಡುತ್ತಾರೆ. ಪೂರ್ತಿ ಬಾಕಿ ಕಟ್ಟಿದವನಿಗೆ ನಲವತ್ತೈವತ್ತು ದಿನ ಬಡ್ಡಿಯಿಲ್ಲ ಎಂದು ಜಾಹೀರಾತು ಹೇಳುತ್ತದೆ, ಅದು ಸುಳ್ಳಲ್ಲ. ಆದರೆ ಸ್ವಲ್ಪ ಬಾಕಿ ಉಳಿಸಿದ ತಿಂಗಳಿಂದ ಆ ಸವಲತ್ತು ಹೋಯಿತು. ಮುಂದೆ ಕೊಳ್ಳುವ ಒಂದೊಂದು ಸೇರು ಬೇಳೆಗೂ ಕೊಂಡ ದಿನದಿಂದಲೇ ಬಡ್ಡಿ. ಇನ್ನು ಕಾರ್ಡು ಹಾಕಿ ಎ.ಟಿ.ಎಮ್ಮಿನಿಂದ ರೊಕ್ಕ ತೆಗೆದರಂತೂ ಬಿಡುವಿನ ದಿನಗಳೇ ಇಲ್ಲ. ತೆಗೆದ ಗಳಿಗೆಯಿಂದ ಬಡ್ಡಿ, ಅದರ ಮೇಲೆ ಬೇರೆ ಶುಲ್ಕ.

ತಿಂಗಳಿಂದ ತಿಂಗಳಿಗೆ ಬಾಕಿ ಎಳೆಯುವ ಇಂಥವನಿಗೆ ಬ್ಯಾಂಕಿನವರು ತಮ್ಮ ತಮ್ಮಲ್ಲಿ ಇಟ್ಟ ಹೆಸರು "ರಿವಾಲ್ವರ್". ಪೂರ್ತಿ ಕಟ್ಟಿಬಿಡುವ ಶ್ರೀಮಂತನಿಗೆ ಬೇರೆ ಹೆಸರು. (ರಿವಾಲ್ವರನ್ನು ಹಿಡಿದವರು ಯಾರು, ಗುಂಡು ತಗುಲುವುದು ಯಾರಿಗೆ ಎಂಬುದನ್ನು ಓದುಗರೇ ಊಹಿಸಬಹುದು.) ಆ ಶ್ರೀಮಂತ ತಿಂಗಳಿಗೆ ಲಕ್ಷ ರೂಪಾಯಿ ಉಜ್ಜುತ್ತಾನೆ, ಒಂದು ಪೈಸೆ ಬಡ್ಡಿ ಕೊಡುವುದಿಲ್ಲ, ವಿಮಾನ ನಿಲ್ದಾಣದ ಕೋಣೆಯಲ್ಲಿ ಪುಕ್ಕಟೆ ಉಂಡು, ಬಹುಮಾನದ ಅಂಕಗಳನ್ನು ಎಣಿಸುತ್ತಾನೆ. ಆ ಊಟದ ಖರ್ಚು ಎಲ್ಲಿಂದ ಬಂತು? ಒಂದು ಪಾಲು ಗಿರಣಿ ಕಾರ್ಮಿಕನ 42ರ ಬಡ್ಡಿಯಿಂದ. ಇನ್ನೊಂದು ಪಾಲು ಅಂಗಡಿಯವನಿಂದ. ಕಾರ್ಡು ಉಜ್ಜಿದಾಗಲೆಲ್ಲ ಸುಮಾರು ಶೇಕಡಾ 2 ಆತನ ಹಣದಲ್ಲಿ ಮುರಿದುಕೊಳ್ಳುವುದು ವ್ಯಾಪಾರಿ ಮಿತ್ರರಿಗೆ ಗೊತ್ತಿದ್ದದ್ದೇ. ಬಡವನು ಉಪವಾಸ ಮಾಡಿ ಧನಿಕನಿಗೆ ಅನ್ನಸಂತರ್ಪಣೆ ನಡೆಸುವ ಈ ವ್ಯವಸ್ಥೆಗೆ ಆಧುನಿಕ ಹಣಕಾಸು ಎಂದು ಹೆಸರು.

ಕಾನೂನು ಏನು ಮಾಡುತ್ತಿದೆ ಎಂದು ಕೇಳುತ್ತೀರಿ. ಕರ್ನಾಟಕದಲ್ಲಿ ಲೇವಾದೇವಿದಾರರ ಕಾಯಿದೆ 1961ರಿಂದ ಉಂಟು. ಅತಿ ಬಡ್ಡಿ ನಿಷೇಧಿಸುವ ಕಾಯಿದೆ 2004ರಲ್ಲಿ ಬಂತು. ನಮ್ಮ ಪೇಟೆಯ ಗಿರವಿ ಅಂಗಡಿಯವನು ಒತ್ತೆಯಿಟ್ಟ ಸಾಲಕ್ಕೆ ಶೇಕಡಾ 14, ಒತ್ತೆಯಿಲ್ಲದ ಸಾಲಕ್ಕೆ ಶೇಕಡಾ 16 ಮೀರುವಂತಿಲ್ಲ. ಮೀರಿದರೆ ಪೊಲೀಸರು ಬರಬಹುದು. ಅದೇ ಬೀದಿಯಲ್ಲಿ ಗಾಜಿನ ಬಾಗಿಲು ಹಾಕಿಕೊಂಡ ಬ್ಯಾಂಕು 42 ತೆಗೆದುಕೊಳ್ಳಬಹುದು. ಬಾಗಿಲಲ್ಲಿ ಕಾವಲುಗಾರ ಸಲಾಮು ಹೊಡೆಯುತ್ತಾನೆ. ಇದು ಹೇಗೆ? ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಗೆ 21-ಎ ಎಂಬ ಒಂದು ಕಲಮನ್ನು ಸೇರಿಸಿ 1984ರಲ್ಲಿ ಜಾರಿಗೆ ತಂದರು. ಬಡ್ಡಿ ಅತಿಯಾಯಿತು ಎಂಬ ಕಾರಣಕ್ಕೆ ಬ್ಯಾಂಕು ಮತ್ತು ಸಾಲಗಾರನ ನಡುವಿನ ವ್ಯವಹಾರವನ್ನು ಯಾವ ನ್ಯಾಯಾಲಯವೂ ಮತ್ತೆ ತೆರೆದು ನೋಡಕೂಡದು ಎಂಬುದು ಅದರ ತಾತ್ಪರ್ಯ. 1918ರಲ್ಲಿ ಬ್ರಿಟಿಷರು ಮಾಡಿದ ಅತಿಬಡ್ಡಿ ಸಾಲಗಳ ಕಾಯಿದೆಯೂ ಬ್ಯಾಂಕಿನ ಮುಂದೆ ಕೈಕಟ್ಟಿ ನಿಲ್ಲಬೇಕು. ಪರಕೀಯ ದೊರೆಗಳು ಸಾಲಗಾರನಿಗೆ ಕೊಟ್ಟ ಅಷ್ಟಿಷ್ಟು ರಕ್ಷಣೆಯನ್ನು ನಮ್ಮವರೇ ಆರಿಸಿದ ಸರಕಾರ ಕಿತ್ತುಕೊಂಡಿತು.

ಆದರೂ ಒಮ್ಮೆ ಬೆಳಕು ಕಂಡಿತ್ತು. ಆವಾಜ್ ಎಂಬ ಸಂಸ್ಥೆ ತಂದ ದೂರಿನ ಮೇಲೆ ರಾಷ್ಟ್ರೀಯ ಗ್ರಾಹಕ ವಿವಾದ ಆಯೋಗವು 2008ರ ಜುಲೈ 7ರಂದು ತೀರ್ಪು ಕೊಟ್ಟು, ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇಕಡಾ 30ನ್ನು ಮೀರಿದ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿ ಎಂದಿತು. 30 ಎಂಬುದೇನೂ ಧರ್ಮದ ಬಡ್ಡಿಯಲ್ಲ. ಅದನ್ನೂ ಬ್ಯಾಂಕುಗಳು ಸಹಿಸಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದವು. ಹದಿನಾರು ವರ್ಷಗಳ ಮೇಲೆ, 2024ರ ಡಿಸೆಂಬರ್ 20ರಂದು, ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಒಪ್ಪಂದದ ಷರತ್ತನ್ನು ತಿದ್ದುವ ಅಧಿಕಾರ ಆಯೋಗಕ್ಕಿಲ್ಲ, ಬಡ್ಡಿಯ ವಿಷಯ ರಿಸರ್ವ್ ಬ್ಯಾಂಕಿನ ಪಾಲಿನದು, ಕಾರ್ಡು ಪಡೆದವರು ತಿಳುವಳಿಕೆಯುಳ್ಳವರು, ಷರತ್ತು ಒಪ್ಪಿಯೇ ಪಡೆದವರು ಎಂಬುದು ಅದರ ಧಾಟಿ. ನ್ಯಾಯಾಲಯದ ಬಗ್ಗೆ ಗೌರವವಿಟ್ಟುಕೊಂಡೇ ಕೇಳುತ್ತೇನೆ: ಗಿರಣಿ ಗೇಟಿನಲ್ಲಿ, ಪಾಳಿ ಬಿಟ್ಟ ಐದು ನಿಮಿಷದಲ್ಲಿ, ಇಂಗ್ಲಿಷಿನ ಇಪ್ಪತ್ತು ಪುಟಕ್ಕೆ ಸಹಿ ಹಾಕಿದವನ ಒಪ್ಪಿಗೆ ಎಂಥ ಒಪ್ಪಿಗೆ? ಈಗಂತೂ ಸಹಿಯೂ ಬೇಡ, ಮೊಬೈಲಿನಲ್ಲಿ ಬೆರಳು ಒತ್ತಿದರೆ ಮುಗಿಯಿತು.

ಚೆಂಡು ರಿಸರ್ವ್ ಬ್ಯಾಂಕಿನ ಅಂಗಳದಲ್ಲಿದೆ ಎಂದಾಯಿತು. ರಿಸರ್ವ್ ಬ್ಯಾಂಕು ಏನೂ ಮಾಡಿಲ್ಲ ಎಂದು ಹೇಳುವುದು ಅನ್ಯಾಯವಾದೀತು. 2022ರ ಏಪ್ರಿಲಿನಲ್ಲಿ ಅದು ಹೊರಡಿಸಿದ ಆದೇಶದಲ್ಲಿ, ಕೇಳದವರ ಮೇಲೆ ಕಾರ್ಡು ಹೇರಬಾರದು, ಕನಿಷ್ಠ ಮೊತ್ತ ಕಟ್ಟಿದರೂ ಸಾಲ ಬೆಳೆಯುತ್ತಲೇ ಹೋಗುವಂತಿರಬಾರದು, ಬರೀ ಕನಿಷ್ಠ ಕಟ್ಟಿದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆಂದು ಬಿಲ್ಲಿನಲ್ಲೇ ಎಚ್ಚರಿಸಬೇಕು, ಬಾಕಿಯಿಲ್ಲದ ಕಾರ್ಡನ್ನು ಮುಚ್ಚೆಂದರೆ ಏಳು ಕೆಲಸದ ದಿನದಲ್ಲಿ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿ ದಂಡ ಎಂದಿತು. ಬಡ್ಡಿ ಅತಿಯಾಗಬಾರದು ಎಂದೂ ಹೇಳಿತು. ಅತಿ ಎಂದರೆ ಎಷ್ಟು? ಆ ಅಂಕಿಯನ್ನು ಮಾತ್ರ ಬರೆಯಲಿಲ್ಲ. ಸೇದುವ ಬೀಡಿಯ ಕಟ್ಟಿನ ಮೇಲೆ ಎಚ್ಚರಿಕೆ ಅಚ್ಚುಮಾಡಿ ಬೀಡಿ ಮಾರಿದಂತೆ ಇದು.

ಬ್ಯಾಂಕಿನವರ ಪರವಾಗಿ ಎರಡು ವಾದಗಳುಂಟು. ಒತ್ತೆಯಿಲ್ಲದ ಸಾಲ, ಎಷ್ಟೋ ಮುಳುಗುತ್ತದೆ, ಆದ್ದರಿಂದ ಬಡ್ಡಿ ಹೆಚ್ಚು ಎಂಬುದು ಒಂದು. ಮುಳುಗುವುದು ನಿಜ. ಆದರೆ ತಿಂಗಳು ತಪ್ಪದೆ ಕನಿಷ್ಠ ಕಟ್ಟುವ ನಮ್ಮ ಕಾರ್ಮಿಕ ಮುಳುಗಿಸಿದವನೇ? ಅವನು ಚಿನ್ನದ ಮೊಟ್ಟೆಯ ಕೋಳಿ. ಮುಳುಗಿಸಿದವನ ತಪ್ಪಿಗೆ ಕಟ್ಟುವವನ ಚರ್ಮ ಸುಲಿಯುವುದು ಯಾವ ಊರಿನ ಲೆಕ್ಕ? ನಮ್ಮದೇ ಉಳಿತಾಯದ ಹಣಕ್ಕೆ 2025ರಲ್ಲಿ ದೊಡ್ಡ ಬ್ಯಾಂಕುಗಳು ಬಡ್ಡಿಯನ್ನು ಶೇಕಡಾ 2.5ಕ್ಕೆ ಇಳಿಸಿದವು. ಎರಡೂವರೆಗೆ ಪಡೆದು ನಲವತ್ತೆರಡಕ್ಕೆ ಕೊಡುವ ಅಂತರವನ್ನು ಯಾವ ನಷ್ಟದ ಭಯವೂ ಸಮರ್ಥಿಸಲಾರದು. ಎರಡನೆಯ ವಾದ ಕೊಂಚ ಗಟ್ಟಿ: ಬಡ್ಡಿಗೆ ಮಿತಿ ಹಾಕಿದರೆ ಬ್ಯಾಂಕು ಬಡವನಿಗೆ ಕೊಡುವುದನ್ನೇ ನಿಲ್ಲಿಸೀತು, ಅವನು ಮೀಟರ್ ಬಡ್ಡಿಗೆ ಬಿದ್ದಾನು. ಇದನ್ನು ಅಲ್ಲಗಳೆಯಲಾಗದು. ಅದಕ್ಕೆ ಉತ್ತರ ಇರುವುದು ಬಡವನಿಗೆ ಬೇರೆ ಬಾಗಿಲು ತೆರೆಯುವುದರಲ್ಲಿ, ಮತ್ತು ಆ ಬಾಗಿಲನ್ನು ತೆರೆದ ಚರಿತ್ರೆ ನಮ್ಮ ನಾಡಿಗೇ ಉಂಟು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದ್ದು ಸಾಹುಕಾರನ ಬಡ್ಡಿಗೆ ಎದುರಾಗಿಯೇ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಿಂದ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯ ಪಿಗ್ಮಿ ಕೂಡಿಸಿತು. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ಅದೂ ಕೆನರಾ ಬ್ಯಾಂಕೂ ಜನರ ಸೊತ್ತಾದವು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಎಂಬ ಹೆಸರೇ ಕೆನರಾದಲ್ಲಿ ಕರಗಿತು. ಹೆಸರು ಹೋದುದಕ್ಕೆ ನನಗೆ ಅಷ್ಟು ದುಃಖವಿಲ್ಲ. ಎರಡಾಣೆಯವನನ್ನು ಹುಡುಕಿಕೊಂಡು ಹೋಗುವ ಬುದ್ಧಿ ಹೋಯಿತಲ್ಲ, ಅದಕ್ಕೆ.

ಈಗ ಬ್ಯಾಂಕಿನ ದಯೆ ಯಾರ ಮೇಲೆ? 2014-15ರಿಂದ 2023-24ರ ತನಕದ ಹತ್ತು ವರ್ಷಗಳಲ್ಲಿ ಬ್ಯಾಂಕುಗಳು ಸುಮಾರು 16.35 ಲಕ್ಷ ಕೋಟಿ ರೂಪಾಯಿ ಕೆಟ್ಟ ಸಾಲವನ್ನು ಪುಸ್ತಕದಿಂದ ತೆಗೆದುಹಾಕಿದವೆಂದು ಸರಕಾರವೇ 2025ರ ಮಾರ್ಚಿನಲ್ಲಿ ಲೋಕಸಭೆಗೆ ತಿಳಿಸಿತು. ಪುಸ್ತಕದಿಂದ ತೆಗೆದರೆ ಮನ್ನಾ ಆದಂತಲ್ಲ, ವಸೂಲಿ ನಡೆದೇ ಇರುತ್ತದೆ ಎಂದು ಅವರು ಹೇಳುವುದು ಶಾಸ್ತ್ರಕ್ಕೆ ಸರಿ. ಆದರೆ 40,000 ಬಾಕಿ ಇಟ್ಟವನ ಬಾಗಿಲಿಗೆ ಹೋಗುವ ವಸೂಲಿಗಾರನ ಧ್ವನಿ, ಸಾವಿರ ಕೋಟಿಯವನ ಬಂಗಲೆಯ ಮುಂದೆ ಹೀಗೆಯೇ ಏರುತ್ತದೆಯೇ?

ಮೇಲಾಗಿ, ಕಾರ್ಡಿನ ಕೈ ಈಗ ಬೀದಿಯ ತನಕ ಚಾಚಿದೆ. 2025ರ ಬಜೆಟ್ಟಿನಲ್ಲಿ ನೋಂದಾಯಿತ ಕಿರು ಉದ್ಯಮಗಳಿಗೆ 5 ಲಕ್ಷ ಮಿತಿಯ ಕ್ರೆಡಿಟ್ ಕಾರ್ಡನ್ನು ಸಾರಿದರು. ಅದೇ ಆಗಸ್ಟಿನಲ್ಲಿ, ಎರಡನೆಯ ಸ್ವನಿಧಿ ಸಾಲ ತೀರಿಸಿದ ಬೀದಿ ವ್ಯಾಪಾರಿಗೆ ಯು.ಪಿ.ಐ. ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡು ಎಂದು ಕೇಂದ್ರ ಸಂಪುಟ ಒಪ್ಪಿತು. ಸಾಲದ ಬಾಗಿಲು ಬೀದಿ ವ್ಯಾಪಾರಿಗೂ ತೆರೆಯುವುದು ಒಳ್ಳೆಯದೇ. ಸಾಲ ತೀರಿಸಿದ ನಿಯತ್ತಿಗೆ ಬಹುಮಾನವಾಗಿ ಆ ಹೂವಿನ ಅಜ್ಜಿಗೆ ಸಿಗಬೇಕಾದುದು ಸೀಸೀಯಂಥ ಅಗ್ಗದ ಮಿತಿ. ಅದರ ಬದಲು ಕನಿಷ್ಠ ಮೊತ್ತದ ಕಣ್ಣುಪಟ್ಟಿ ಸಿಕ್ಕರೆ, ಅವಳ ಮಲ್ಲಿಗೆಯ ಲಾಭ ಯಾರ ಮುಡಿಗೆ ಹೋದೀತು?

ನಾವು ಕೇಳುವುದು ದಾನವಲ್ಲ. ಕಾರ್ಡಿನ ಬಡ್ಡಿಗೆ ರಿಸರ್ವ್ ಬ್ಯಾಂಕು ಅಂಕಿಯಲ್ಲಿ ಮಿತಿ ಬರೆಯಲಿ. ಗಿರವಿ ಅಂಗಡಿಗೆ 16 ಸಾಕಾದರೆ ಬ್ಯಾಂಕಿಗೆ ಏಕೆ ಸಾಲದು ಎಂಬುದಕ್ಕೆ ಉತ್ತರ ಕೊಡಲಿ. ಕನಿಷ್ಠ ಮೊತ್ತವನ್ನು ಎರಡು ವರ್ಷದಲ್ಲಿ ಸಾಲ ತೀರುವಂತೆ ಕಟ್ಟಲಿ. ಬಡ್ಡಿಯ ಮೇಲಿನ ತೆರಿಗೆ ಹೋಗಲಿ. 21-ಎ ಕಲಮು ಹೋಗಲಿ. ಸುಗ್ಗಿಯ ತನಕ ಉದ್ರಿ ಕೊಡುವ ಊರಿನ ವ್ಯಾಪಾರಿಗೆ ಮೂರು ತಿಂಗಳ ಗೆರೆಯನ್ನು ಆರು ತಿಂಗಳಿಗೆ ಎಳೆಯಲಿ. ಇವೆಲ್ಲ ಹೋರಾಟದಿಂದ ಬರಬೇಕಾದವು, ನಾಳೆ ಬೆಳಿಗ್ಗೆ ಬರುವವಲ್ಲ.

ನಾಳೆ ಬೆಳಿಗ್ಗೆ ಮಾಡಬಹುದಾದದ್ದೂ ಉಂಟು. ಮೇಲೆ ಹೇಳಿದ ಆ 40,000ದ ಸಾಲವನ್ನೇ ತೆಗೆದುಕೊಳ್ಳಿ. ಕಾರ್ಡಿನ ದಾರಿಯಲ್ಲಿ ಎರಡು ವರ್ಷ ಕನಿಷ್ಠ ಕಟ್ಟಿದವನ ಕೈಯಿಂದ ಸುಮಾರು 44,250 ರೂಪಾಯಿ ಹೋಗಿರುತ್ತದೆ, ಆದರೂ 30,850 ಬಾಕಿ ನಿಂತಿರುತ್ತದೆ. ಗಿರಣಿಯ ಪತ್ತಿನ ಸಂಘದಲ್ಲಿ ಶೇಕಡಾ 16ಕ್ಕೆ ಸಾಲ ತೆಗೆದು ಕಾರ್ಡನ್ನು ಒಂದೇ ಏಟಿಗೆ ತೀರಿಸಿ, ತಿಂಗಳಿಗೆ 1,959ರಂತೆ ಸಂಘಕ್ಕೆ ಕಟ್ಟಿದರೆ, ಅದೇ ಎರಡು ವರ್ಷದಲ್ಲಿ ಸುಮಾರು 47,000 ಕಟ್ಟಿ ಸಾಲ ಸೊನ್ನೆ. ಸಂಘದ ಬಡ್ಡಿ ಇನ್ನೂ ಕಡಿಮೆಯಿದ್ದರೆ ಇನ್ನೂ ಅಗ್ಗ. ಸಂಘವಿಲ್ಲದವರು ಬಾಕಿಯನ್ನು ಕಂತಿಗೆ ತಿರುಗಿಸಿಕೊಡಿ ಎಂದು ಬ್ಯಾಂಕಿಗೆ ಬರವಣಿಗೆಯಲ್ಲಿ ಕೇಳಬಹುದು. ಅದರ ಬಡ್ಡಿ ಸಾಮಾನ್ಯವಾಗಿ ಕಾರ್ಡಿನ ಬಡ್ಡಿಯ ಅರ್ಧಕ್ಕಿಂತ ಕಡಿಮೆ. ವಸೂಲಿಗಾರನು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನು ಮಾಡಿದರೆ ತಾರೀಖು, ಗಂಟೆ ಬರೆದಿಡಿ. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಜವಾಬು ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹೋಗುತ್ತದೆ, ಅದಕ್ಕೆ ಶುಲ್ಕವಿಲ್ಲ.

ಬರುವ ಭಾನುವಾರ ಸಂಜೆ ಪಾಳಿ ಮುಗಿದ ಮೇಲೆ ಪಕ್ಷದ ಕಚೇರಿಯಲ್ಲಿ ನಾನೂ ಇನ್ನಿಬ್ಬರು ಗೆಳೆಯರೂ ಕುಳಿತಿರುತ್ತೇವೆ. ಕಾರ್ಡಿನ ಬಿಲ್ಲು, ಸೀಸೀ ಖಾತೆಯ ಪಟ್ಟಿ, ಬ್ಯಾಂಕಿನ ಕಾಗದ ಏನಿದ್ದರೂ ತನ್ನಿ. ಲೆಕ್ಕ ಹಾಕಿ, ಅರ್ಜಿ ಬರೆದುಕೊಡುತ್ತೇವೆ. ಮನೆಯಾಕೆಯನ್ನೂ ಕರೆದುಕೊಂಡು ಬನ್ನಿ. ಎಷ್ಟೋ ಮನೆಗಳಲ್ಲಿ ಸಾಲದ ಸುದ್ದಿ ಆಕೆಗೆ ತಿಳಿಯುವುದು ವಸೂಲಿಗಾರ ಬಾಗಿಲು ಬಡಿದಾಗಲೇ.